ಕನ್ನಡ ಮಾತ್ರ ಗೊತ್ತಿದ್ದ ಆನೆ ಟೋಕಿಯೊಗೆ ಹೋದ ಕತೆ

ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಒಂದು ಸರ್ಕಾರಿ ಪ್ರೌಢಶಾಲೆಗೆ ನಮ್ಮಲ್ಲಿ ಮೂವರು ಹೋಗಿದ್ದೆವು. ಅಲ್ಲಿನ ಮೇಷ್ಟ್ರೊಬ್ಬರು ಪರಿಚಯದವರ ಮೂಲಕ ಜಪಾನಿನ ಒಂದು ಶಾಲೆಯ ಮಕ್ಕಳ ಜೊತೆ ವಿಡಿಯೊ ಮಾತುಕತೆ ಗೊತ್ತು ಮಾಡಿದ್ದರು. ನಮ್ಮಲ್ಲಿ ಬೆಳಗ್ಗೆ ಹತ್ತೂವರೆ, ಅಲ್ಲಿ ಮಧ್ಯಾಹ್ನ ಎರಡು ಗಂಟೆ. ಮೇಷ್ಟ್ರ ಮೊಬೈಲನ್ನೇ ಹಾಟ್‌ಸ್ಪಾಟ್ ಮಾಡಿ ಕಿಟಕಿ ಮೇಲೆ ಇಟ್ಟಿದ್ದರು, ಸಿಗ್ನಲ್ ಸಿಗೋದು ಅಲ್ಲಿ ಮಾತ್ರ. ಮೂರು ಸಲ ಕಟ್ ಆಯಿತು. ನಾಲ್ಕನೇ ಸಲ ಸಿಕ್ಕಾಗ ಆ ಕಡೆಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಯನ್ನು ಅಲ್ಲಿನ ಟೀಚರ್ ಇಂಗ್ಲಿಷಿಗೆ ತಂದರು, ನಮ್ಮ ಮೇಷ್ಟ್ರು ಕನ್ನಡಕ್ಕೆ ತಂದರು: 'ನೀವು ಆನೆ ನೋಡಿದ್ದೀರಾ?'

ಇಡೀ ತರಗತಿ ನಕ್ಕಿತು. ಹಿಂದಿನ ಸಾಲಿನ ಹುಡುಗ ಎದ್ದು ನಿಂತು, 'ಮೊನ್ನೆ ರಾತ್ರಿ ನಮ್ಮ ಬಾಳೆ ತೋಟಕ್ಕೇ ಬಂದಿತ್ತು ಸಾರ್, ನಲವತ್ತು ಗಿಡ ಹೋಯ್ತು ಅಂತ ಹೇಳಿ' ಅಂದ. ಅದು ಜಪಾನಿಗೆ ಹೇಗೆ ತಲುಪಿತೋ, ಆ ಕಡೆಯಿಂದ ಚಪ್ಪಾಳೆ ಕೇಳಿಸಿತು. ಆಮೇಲೆ ಮತ್ತೆ ಕಟ್.

ಆ ಚಪ್ಪಾಳೆ ನಮ್ಮ ತಲೆಯಿಂದ ಹೋಗಲಿಲ್ಲ. ನಾವು ಪಟಾಕಿ ಹೊಡೆದು ಓಡಿಸುವ ಪ್ರಾಣಿಯನ್ನು ಜಪಾನಿನ ಮಕ್ಕಳು ಹಿಂದೊಮ್ಮೆ ಕಾಗದ ಬರೆದು ಕೇಳಿ ತರಿಸಿಕೊಂಡಿದ್ದರು. ಆ ಆನೆ ಹೋಗಿದ್ದು ನಮ್ಮ ಮೈಸೂರು ಸಂಸ್ಥಾನದಿಂದಲೇ. ಮಕ್ಕಳ ವಿನಿಮಯ, ಶಾಲೆಗಳ ವಿನಿಮಯ ಎಂದು ಈಗ ದೊಡ್ಡದಾಗಿ ಹೇಳುತ್ತಾರಲ್ಲ, ಅದರಲ್ಲಿ ನಮ್ಮ ನೆಲಕ್ಕೆ ಸೇರಿದ ಒಂದು ಹಳೆಯ ಅಧ್ಯಾಯ ಅದು. ಎಪ್ಪತ್ತೈದು ವರ್ಷ ದಾಟಿದೆ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಅದನ್ನು ಓದಿದ ನೆನಪು ನಮ್ಮಲ್ಲಿ ಯಾರಿಗೂ ಇಲ್ಲ.

ಕತೆ ಶುರುವಾಗುವುದು ಸಾವಿನಿಂದ. 1943ರಲ್ಲಿ ಎರಡನೇ ಮಹಾಯುದ್ಧ ಜೋರಾಗಿ ನಡೆಯುತ್ತಿತ್ತು. ಟೋಕಿಯೊ ನಗರದ ಉಯೆನೊ ಮೃಗಾಲಯದಲ್ಲಿ ಆಗ ಮೂರು ಆನೆಗಳಿದ್ದವು. ಜಾನ್ ಎಂಬ ಗಂಡು, ಟೊಂಕಿ ಮತ್ತು ವಾನ್ರಿ ಎಂಬ ಎರಡು ಹೆಣ್ಣು. ಆ ಆಗಸ್ಟ್‌ನಲ್ಲಿ ಟೋಕಿಯೊ ಗವರ್ನರರಿಂದ ಆದೇಶ ಬಂತು: ಅಪಾಯಕಾರಿ ಪ್ರಾಣಿಗಳನ್ನೆಲ್ಲ ಕೊಂದುಬಿಡಿ. ಬಾಂಬ್ ಬಿದ್ದು ಬೋನು ಮುರಿದರೆ ಹುಲಿ, ಸಿಂಹ ಬೀದಿಗೆ ಬಂದಾವು ಎಂಬುದು ಕೊಟ್ಟ ಕಾರಣ. ಆದರೆ ಟೋಕಿಯೊ ಮೇಲೆ ದೊಡ್ಡ ಬಾಂಬ್ ದಾಳಿಗಳು ಶುರುವಾಗಿದ್ದು ಅದಾಗಿ ವರ್ಷದ ಮೇಲೆ, 1944ರ ನವೆಂಬರ್‌ನಲ್ಲಿ. ಹಾಗಾಗಿ, ಯುದ್ಧ ಕೈಮೀರುತ್ತಿದೆ, ತ್ಯಾಗಕ್ಕೆ ಸಿದ್ಧರಾಗಿ ಎಂದು ಜನರಿಗೆ ಹೇಳಲು ಸರ್ಕಾರ ಪ್ರಾಣಿಗಳನ್ನು ಬಳಸಿಕೊಂಡಿತು ಎಂದು ಬರೆದ ಇತಿಹಾಸಕಾರರಿದ್ದಾರೆ. ನಮಗೂ ಅದೇ ಸರಿ ಅನ್ನಿಸುತ್ತದೆ.

ಆನೆಗಳನ್ನು ಕೊಲ್ಲುವುದು ಸುಲಭವಾಗಲಿಲ್ಲ. ವಿಷ ಬೆರೆಸಿದ ಆಲೂಗಡ್ಡೆಯನ್ನು ಅವು ಮೂಸಿ ಎಸೆದವು. ಸೂಜಿ ಚರ್ಮಕ್ಕೆ ಇಳಿಯಲಿಲ್ಲ. ಕೊನೆಗೆ ಹೊಟ್ಟೆಗೆ ಹಾಕುವುದನ್ನೇ ನಿಲ್ಲಿಸಿದರು. ಆಗಸ್ಟ್ 29ಕ್ಕೆ ಜಾನ್ ಸತ್ತ. ಸೆಪ್ಟೆಂಬರ್ 4ರಂದು ಮೃಗಾಲಯದಲ್ಲಿ ಸತ್ತ ಪ್ರಾಣಿಗಳಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಶಾಲೆಯ ಮಕ್ಕಳನ್ನೂ ಕರೆತಂದಿದ್ದರು. ಅವತ್ತು ಟೊಂಕಿ, ವಾನ್ರಿ ಇನ್ನೂ ಬದುಕಿದ್ದವು! ಶ್ರದ್ಧಾಂಜಲಿ ನಡೆಯುತ್ತಿದ್ದಾಗ ಅದೇ ಆವರಣದಲ್ಲಿ, ಪರದೆಯ ಹಿಂದೆ ಅವು ಹಸಿದು ನಿಂತಿದ್ದವು. ವಾನ್ರಿ ಸತ್ತಿದ್ದು ಸೆಪ್ಟೆಂಬರ್ 11ಕ್ಕೆ, ಟೊಂಕಿ 23ಕ್ಕೆ. ಕಲಿಸಿಕೊಟ್ಟ ಆಟ ಆಡಿದರೆ ತಿನ್ನಲು ಸಿಗುತ್ತದೆ ಎಂದು ತಿಳಿದಿದ್ದ ಆ ಪ್ರಾಣಿಗಳು ಕಾವಲುಗಾರರನ್ನು ಕಂಡಾಗಲೆಲ್ಲ ಸೊಂಡಿಲೆತ್ತಿ ಆಟ ತೋರಿಸುತ್ತಿದ್ದವಂತೆ. ಎತ್ತು ಸಾಕಿದವರಿಗೆ, ಹಸು ಸಾಕಿದವರಿಗೆ ಇದನ್ನು ಇನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯುದ್ಧ ಮುಗಿದಾಗ ಜಪಾನ್ ದೇಶದಲ್ಲಿ ಉಳಿದಿದ್ದು ಎರಡೇ ಆನೆ. ಎರಡೂ ನಗೋಯಾ ಎಂಬ ಊರಿನ ಮೃಗಾಲಯದಲ್ಲಿದ್ದವು. ಅಲ್ಲಿನ ನಿರ್ದೇಶಕರು ಏನೇನೋ ಮಾಡಿ ಅವನ್ನು ಉಳಿಸಿಕೊಂಡಿದ್ದರು. ಟೋಕಿಯೊದಲ್ಲಿ ಆಗ ಬೆಳೆಯುತ್ತಿದ್ದ ಸಣ್ಣ ಮಕ್ಕಳು ಜೀವಂತ ಆನೆಯನ್ನು ನೋಡಿಯೇ ಇರಲಿಲ್ಲ. ಉಯೆನೊ ಇರುವ ತೈತೊ ವಾರ್ಡಿನಲ್ಲಿ 'ಮಕ್ಕಳ ಸಭೆ' ಎಂಬುದೊಂದಿತ್ತು. ನಮ್ಮಲ್ಲಿ ವರ್ಷಕ್ಕೊಮ್ಮೆ ಪಂಚಾಯಿತಿಯವರು ಮಕ್ಕಳ ಗ್ರಾಮಸಭೆ ಕರೆಯುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ನಮ್ಮಲ್ಲಿ ಬಹಳ ಕಡೆ ಫೋಟೊ ತೆಗೆದು ಮುಗಿಸುತ್ತಾರೆ, ಅದು ಬೇರೆ ಮಾತು. 1949ರಲ್ಲಿ ತೈತೊದ ಮಕ್ಕಳು ಸಭೆಯಲ್ಲಿ ತೀರ್ಮಾನ ಮಾಡಿದರು: ನಗೋಯಾದವರಿಂದ ಒಂದು ಆನೆ ಕೇಳಿ ತರೋಣ. ಪ್ರತಿನಿಧಿಗಳು ರೈಲು ಹತ್ತಿ ಹೋಗಿ ಕೇಳಿಯೂ ಬಿಟ್ಟರು.

ನಗೋಯಾದವರು ಕೊಡಲಿಲ್ಲ. ಕೊಡಬಾರದು ಅಂತಲ್ಲ. ಆ ಎರಡು ಆನೆಗಳನ್ನು ಬೇರೆ ಮಾಡಲು ನೋಡಿದರೆ ಒಂದನ್ನೊಂದು ಬಿಟ್ಟಿರದೆ ಗಲಾಟೆ ಮಾಡಿದವು. ಹಾಗಾಗಿ ಆನೆ ಮಕ್ಕಳ ಹತ್ತಿರ ಹೋಗುವ ಬದಲು ಮಕ್ಕಳೇ ಆನೆಯ ಹತ್ತಿರ ಬರಲಿ ಎಂದು ವಿಶೇಷ ರೈಲು ಬಿಟ್ಟರು. ಅದಕ್ಕೆ 'ಆನೆ ರೈಲು' ಎಂದೇ ಹೆಸರು ಬಂತು. ಆದರೂ ಟೋಕಿಯೊ ಮಕ್ಕಳಿಗೆ ತಮ್ಮದೇ ಒಂದು ಆನೆ ಬೇಕಿತ್ತು. ಜಪಾನ್ ಆಗ ಸೋತ ದೇಶ. ಅಮೆರಿಕದ ಸೇನೆಯ ಕೈಕೆಳಗಿತ್ತು, ಬೇರೆ ದೇಶಗಳ ಜೊತೆ ತಾನಾಗಿ ವ್ಯವಹಾರ ಮಾಡುವ ಸ್ವಾತಂತ್ರ್ಯವೂ ಇರಲಿಲ್ಲ. ಅಂಥ ಹೊತ್ತಿನಲ್ಲಿ ಮಕ್ಕಳು ನೂರಾರು ಕಾಗದ ಬರೆದು, ಆನೆಯ ಚಿತ್ರ ಬಿಡಿಸಿ, ಭಾರತದ ಪ್ರಧಾನಿ ಜವಾಹರಲಾಲ್ ನೆಹರೂ ಅವರಿಗೆ ಕಳಿಸಿದರು. ಕಾಗದಗಳು ದೆಹಲಿ ತಲುಪಿದ್ದು ಯಾವ ರಾಯಭಾರ ಕಚೇರಿಯಿಂದಲೂ ಅಲ್ಲ, ಒಬ್ಬ ಭಾರತೀಯ ವ್ಯಾಪಾರಿಯ ಕೈಯಲ್ಲಿ.

ಭಾರತ ಸ್ವತಂತ್ರವಾಗಿ ಆಗ ಎರಡೇ ವರ್ಷ. ದೇಶ ಒಡೆದ ಗಾಯ ಹಸಿಯಾಗಿತ್ತು, ಆಹಾರದ ಕೊರತೆ ಇತ್ತು. ಆನೆ ಕೇಳಿ ಬಂದ ಕಾಗದವನ್ನು ಪಕ್ಕಕ್ಕಿಡಲು ನೂರು ಕಾರಣ ಇದ್ದವು. ನೆಹರೂ ಪಕ್ಕಕ್ಕಿಡಲಿಲ್ಲ. ಆನೆ ಹುಡುಕಲು ಹೇಳಿದರು. ಆನೆ ಎಂದರೆ ಮೈಸೂರು. ಕಾಕನಕೋಟೆಯ ಖೆಡ್ಡಾ, ಕಾಡಿನಿಂದ ಮರ ಎಳೆಯುವ ಆನೆಗಳು, ದಸರಾ ಆನೆಗಳು, ತಲೆಮಾರುಗಳಿಂದ ಬಂದ ಮಾವುತ, ಕಾವಾಡಿಗಳು ಎಲ್ಲ ಇಲ್ಲಿದ್ದರು. ಹೀಗೆ ಸುಮಾರು ಹದಿನೈದು ವರ್ಷದ ಹೆಣ್ಣಾನೆಯೊಂದು ಆಯ್ಕೆಯಾಯಿತು. ನೆಹರೂ ಅದಕ್ಕೆ ತಮ್ಮ ಮಗಳ ಹೆಸರನ್ನೇ ಇಟ್ಟರು, ಇಂದಿರಾ.

ಸಮುದ್ರದ ದಾರಿಯಲ್ಲಿ ಹಡಗಿನಲ್ಲಿ ಹೋದ ಇಂದಿರಾ 1949ರ ಸೆಪ್ಟೆಂಬರ್ ಕೊನೆಯ ವಾರ ಟೋಕಿಯೊ ಬಂದರಿನಲ್ಲಿ ಇಳಿದಳು. ಅಲ್ಲಿಂದ ರಾತ್ರಿ ಹೊತ್ತು ನಗರದ ಬೀದಿಗಳಲ್ಲಿ ನಡೆದುಕೊಂಡೇ ಉಯೆನೊಗೆ ಹೋದಳು. ಬಾಂಬಿಗೆ ಸುಟ್ಟುಹೋಗಿದ್ದ ಊರಿನ ರಸ್ತೆಯಲ್ಲಿ ಮೈಸೂರಿನ ಆನೆ, ಜೊತೆಗೆ ಮೈಸೂರಿನ ಮಾವುತರು. ಅಕ್ಟೋಬರ್ 1ಕ್ಕೆ ಸಮಾರಂಭ ಮಾಡಿ ಹಸ್ತಾಂತರಿಸಿದರು. ಜಪಾನಿನ ಪ್ರಧಾನಿ ಯೋಶಿದಾ ಶಿಗೆರು ಅವರೂ ಬಂದಿದ್ದರು. ಇಂದಿರಾ ಜೊತೆ ನೆಹರೂ ಜಪಾನಿನ ಮಕ್ಕಳಿಗೆ ಒಂದು ಪತ್ರವನ್ನೂ ಕಳಿಸಿದ್ದರು. ಈ ಆನೆ ನಾನು ಕೊಡುತ್ತಿರುವುದಲ್ಲ, ಭಾರತದ ಮಕ್ಕಳು ಜಪಾನಿನ ಮಕ್ಕಳಿಗೆ ಕೊಡುತ್ತಿರುವುದು ಎಂಬುದು ಅದರ ಸಾರ. ಆನೆಯ ಹಾಗೆ ಬಲ ಇದ್ದರೂ ಮೃದುವಾಗಿರುವುದನ್ನು ಕಲಿಯೋಣ, ನೀವೂ ನಮ್ಮ ಮಕ್ಕಳೂ ದೊಡ್ಡವರಾದ ಮೇಲೆ ಶಾಂತಿಗಾಗಿ ಕೆಲಸ ಮಾಡಿ ಎಂದೂ ಬರೆದಿದ್ದರು.

ನಮಗೆ ಬಹಳ ಇಷ್ಟವಾದ ಭಾಗ ಮುಂದಿನದು. ಇಂದಿರಾಗೆ ಜಪಾನಿ ಬರುತ್ತಿರಲಿಲ್ಲ. ಕನ್ನಡ ಮಾತ್ರ ತಿಳಿಯುವ ಆನೆ ಎಂದೇ ಜಪಾನಿನವರು ಇವತ್ತಿಗೂ ಅವಳ ಕತೆ ಹೇಳುತ್ತಾರೆ. ನಮ್ಮ ಮಾವುತರ ಆನೆ ಮಾತಿನಲ್ಲಿ ಉರ್ದು, ಹಿಂದಿ ಪದಗಳೂ ಕಲೆತಿರುತ್ತವೆ ಎಂಬುದು ದುಬಾರೆ, ಮತ್ತಿಗೋಡು ಶಿಬಿರ ನೋಡಿದವರಿಗೆ ಗೊತ್ತು. ಇರಲಿ. ವಿಷಯ ಏನೆಂದರೆ, ಆನೆಗೆ ಜಪಾನಿ ಕಲಿಸುವುದಕ್ಕಿಂತ ಮನುಷ್ಯರು ಕನ್ನಡ ಕಲಿಯುವುದೇ ಸುಲಭ ಎಂದು ಉಯೆನೊದವರು ತೀರ್ಮಾನಿಸಿದರು. ಮಾವುತರು ಒಂದಷ್ಟು ಕಾಲ ಅಲ್ಲೇ ಉಳಿದರು. ಜಪಾನಿ ಕಾವಲುಗಾರರು ಅವರ ಪಕ್ಕ ನಿಂತು ಕೂರು, ಏಳು, ನಡೆ ಎಂಬ ಆಜ್ಞೆಗಳನ್ನು ಬಾಯಿಪಾಠ ಮಾಡಿದರು. ಎರಡು ದೇಶಗಳ ನಡುವೆ ಇನ್ನೂ ಶಾಂತಿ ಒಪ್ಪಂದವೇ ಆಗಿರಲಿಲ್ಲ, ಅದಾಗಿದ್ದು 1952ರ ಜೂನ್‌ನಲ್ಲಿ. ಅದಕ್ಕೂ ಮೂರು ವರ್ಷ ಮೊದಲೇ ಟೋಕಿಯೊದಲ್ಲಿ ಕೆಲವರು ದಿನಾ ಬೆಳಗ್ಗೆ ಮೈಸೂರಿನ ಮಾತು ಆಡುತ್ತಿದ್ದರು.

1950ರಲ್ಲಿ ಇಂದಿರಾಳನ್ನು ಜಪಾನಿನ ಊರೂರಿಗೂ ಕರೆದೊಯ್ದರು. ಸಂಚಾರಿ ಮೃಗಾಲಯ ಎಂದು ತಿಂಗಳುಗಟ್ಟಲೆ ಪ್ರವಾಸ. ಲಕ್ಷಾಂತರ ಮಂದಿ ನೋಡಿದರು. 1957ರ ಅಕ್ಟೋಬರ್‌ನಲ್ಲಿ ನೆಹರೂ ಜಪಾನಿಗೆ ಹೋದಾಗ ಮಗಳು ಇಂದಿರಾ ಗಾಂಧಿಯವರ ಜೊತೆ ಉಯೆನೊಗೂ ಹೋಗಿ ಆನೆ ಇಂದಿರಾಳನ್ನು ನೋಡಿ ಬಂದರು.

ಇದೇ ವರ್ಷಗಳಲ್ಲಿ ಬೇರೆ ಕಡೆ ಮಕ್ಕಳನ್ನೇ ಕಳಿಸುವ ಕೆಲಸ ಶುರುವಾಗಿತ್ತು. ಯುದ್ಧದಲ್ಲಿ ಗಾಯಾಳುಗಳನ್ನು ಹೊತ್ತಿದ್ದ ಅಮೆರಿಕದ ಆಂಬುಲೆನ್ಸ್ ಚಾಲಕರ ಸಂಘವೊಂದು 1947ರಲ್ಲಿ ಹೈಸ್ಕೂಲು ಮಕ್ಕಳ ವಿನಿಮಯ ಆರಂಭಿಸಿತು. ಈಗಲೂ ಅದು ಎಎಫ್‌ಎಸ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. 1948ರಲ್ಲಿ ಅಮೆರಿಕದ ಹಳ್ಳಿ ಹುಡುಗ ಹುಡುಗಿಯರ 4-ಎಚ್ ಸಂಘಟನೆ ರೈತ ಯುವಕರ ವಿನಿಮಯ ಶುರು ಮಾಡಿತು. ಹೋದವರು ಹೋಟೆಲಿನಲ್ಲಿ ಇರುವ ಹಾಗಿಲ್ಲ. ರೈತರ ಮನೆಯಲ್ಲೇ ಇದ್ದು, ಅವರು ಉಂಡದ್ದು ಉಂಡು, ಅವರ ಜೊತೆ ಹೊಲದಲ್ಲಿ ದುಡಿಯಬೇಕು. 1950ರ ದಶಕದಲ್ಲಿ ಅಂಥವರು ಭಾರತದ ಹಳ್ಳಿಗಳಿಗೂ ಬಂದರು, ಇಲ್ಲಿಂದಲೂ ಹೋದರು. ನೂರು ವರ್ಷದೊಳಗೆ ಮೂರು ಸಲ ಹೊಡೆದಾಡಿದ್ದ ಫ್ರಾನ್ಸ್ ಮತ್ತು ಜರ್ಮನಿ 1963ರಲ್ಲಿ ಒಪ್ಪಂದ ಮಾಡಿಕೊಂಡು ಯುವಜನರ ವಿನಿಮಯಕ್ಕೆಂದೇ ಒಂದು ಜಂಟಿ ಕಚೇರಿ ತೆರೆದವು. ಅಲ್ಲಿಂದ ಈವರೆಗೆ 90 ಲಕ್ಷಕ್ಕೂ ಹೆಚ್ಚು ಮಕ್ಕಳು, ಯುವಕರು ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಹೋಗಿಬಂದಿದ್ದಾರೆ. ಅಜ್ಜಂದಿರು ಗುಂಡು ಹಾರಿಸಿದ ಊರಿನಲ್ಲಿ ಮೊಮ್ಮಕ್ಕಳು ಊಟ ಮಾಡಿ ಮಲಗಿ ಬಂದರು ಎಂದರೆ ಸಣ್ಣ ಮಾತಲ್ಲ.

ಅವರಿಗೆ ಗಡಿ ದಾಟಲು ರೈಲು ಸಾಕು. ಬಡ ದೇಶವಾಗಿದ್ದ ನಮಗೆ ಮಕ್ಕಳನ್ನು ಅಷ್ಟು ಸಂಖ್ಯೆಯಲ್ಲಿ ಕಳಿಸುವ ಶಕ್ತಿ ಇರಲಿಲ್ಲ. ನಾವು ಆನೆ ಕಳಿಸಿದೆವು.

ಇಲ್ಲಿ ಒಂದು ಕಸಿವಿಸಿಯ ಮಾತು ಹೇಳಲೇಬೇಕು. ಭಾರತದ ಮಕ್ಕಳ ಉಡುಗೊರೆ ಎಂದರಲ್ಲ, ಭಾರತದ ಯಾವ ಮಕ್ಕಳನ್ನು ಕೇಳಿದ್ದರು? ಜಪಾನಿನ ಮಕ್ಕಳು ಸಭೆ ಮಾಡಿದರು, ಪ್ರತಿನಿಧಿ ಕಳಿಸಿದರು, ಸ್ವಂತ ಕೈಯಲ್ಲಿ ಕಾಗದ ಬರೆದರು. ನಮ್ಮ ಕಡೆ ಎಲ್ಲವೂ ದೊಡ್ಡವರದೇ. ನೆಹರೂ 1949ರ ಡಿಸೆಂಬರ್‌ನಲ್ಲಿ ದೆಹಲಿಯ 'ಶಂಕರ್ಸ್ ವೀಕ್ಲಿ' ಪತ್ರಿಕೆಯ ಮಕ್ಕಳ ವಿಶೇಷಾಂಕಕ್ಕೆ ಬರೆದ ಪತ್ರದಲ್ಲಿ ಈ ವಿಷಯ ತಿಳಿಸಿದರು: ಜಪಾನಿನ ಮಕ್ಕಳು ಆನೆ ಕೇಳಿದ್ದರು, ನಿಮ್ಮೆಲ್ಲರ ಪರವಾಗಿ ಕಳಿಸಿದ್ದೇನೆ, ಅದು ಮೈಸೂರಿನಿಂದ ಬಂದ ಆನೆ ಎಂದು. ಆ ಪತ್ರಿಕೆ ಇಂಗ್ಲಿಷಿನದು. ಕಾಕನಕೋಟೆಯ ಹಾಡಿ ಮಗುವಿಗೆ ಅದು ಎಲ್ಲಿ ತಲುಪಬೇಕು? ಆನೆ ನಮ್ಮದು, ಮಾವುತರು ನಮ್ಮವರು, ಮಾತು ನಮ್ಮದು. ಸುದ್ದಿ ಮಾತ್ರ ನಮಗೆ ಬರಲಿಲ್ಲ. ನೆಹರೂ ಅವರ ದೊಡ್ಡ ಮನಸ್ಸನ್ನು ನಾವು ಕಡಿಮೆ ಮಾಡುತ್ತಿಲ್ಲ. ಕಾಗದ ಬರೆದ ಮಗುವಿಗೆ ಉತ್ತರ ಕೊಡಬೇಕು ಎಂದುಕೊಂಡ ಪ್ರಧಾನಿ ಅವರು. ಆದರೆ ಕೊಡುವವರ ಸಾಲಿನಲ್ಲಿ ಹೆಸರಿದ್ದ ಮಕ್ಕಳು ಬಾಯಿಬಿಡಲು ಜಾಗ ಇರಲಿಲ್ಲ ಎಂಬುದೂ ನಿಜ.

ಇನ್ನು ಇಂದಿರಾಳನ್ನಂತೂ ಯಾರೂ ಕೇಳುವ ಹಾಗಿರಲಿಲ್ಲ. ನಗೋಯಾದ ಎರಡು ಆನೆಗಳನ್ನು ಅಗಲಿಸಬಾರದು ಎಂದು ಸುಮ್ಮನಾದ ಜನರಿಗಾಗಿಯೇ ಮೈಸೂರಿನ ಒಂದು ಆನೆಯನ್ನು ಅದರ ಊರಿನಿಂದ, ಜೊತೆಯವುಗಳಿಂದ ಅಗಲಿಸಿ ಕಳಿಸಲಾಯಿತು. ಆಗ ಯಾರಿಗೂ ಅದು ತಪ್ಪು ಅನ್ನಿಸಿರಲಿಲ್ಲ. ಈಗ ನಮ್ಮಲ್ಲಿ ಕೆಲವರಿಗೆ ಅನ್ನಿಸುತ್ತದೆ, ಕೆಲವರಿಗೆ ಇಲ್ಲ. ಇದನ್ನು ಬರೆಯುವಾಗ ಈ ಬಗ್ಗೆ ನಮ್ಮ ನಮ್ಮಲ್ಲೇ ಒಂದು ಸಂಜೆ ಜಗಳವಾಯಿತು. ಬೆಳೆ ಕಳೆದುಕೊಂಡ ಮನೆಯಿಂದ ಬಂದ ನಮ್ಮ ಗೆಳೆಯ, 'ಇನ್ನೂ ನಾಲ್ಕು ಕಳಿಸಿದ್ದರೂ ಆಗುತ್ತಿತ್ತು' ಅಂದ. ಅವನ ಮಾತಿನ ಹಿಂದೆ ಒಂದು ಎಕರೆ ಜೋಳ ಇದೆ.

ಇಂದಿರಾ ಒಬ್ಬಳೇ ಅಲ್ಲ. ಕೊಡಗಿನ ಕಾಡಿನಲ್ಲಿ ಸುಮಾರು ಎಂಟು ವರ್ಷದವಳಿದ್ದಾಗ ಹಿಡಿದು ಮರ ಎಳೆಯುವ ಕೆಲಸಕ್ಕೆ ಹಚ್ಚಿದ್ದ ಅಂಬಿಕಾ ಎಂಬ ಆನೆಯನ್ನು 1961ರಲ್ಲಿ ಅಮೆರಿಕದ ವಾಷಿಂಗ್ಟನ್ ಮೃಗಾಲಯಕ್ಕೆ ಕಳಿಸಿದರು. ಅದೂ 'ಭಾರತದ ಮಕ್ಕಳ ಉಡುಗೊರೆ'ಯೇ. ಅಂಬಿಕಾ ಅಲ್ಲೇ ಮುದುಕಿಯಾಗಿ, 2020ರ ಮಾರ್ಚ್‌ನಲ್ಲಿ ಎಪ್ಪತ್ತು ದಾಟಿದ ಮೇಲೆ ತೀರಿಕೊಂಡಳು. ಕೊಡಗಿನಲ್ಲಿ ಕಳೆದ ಕಾಲಕ್ಕಿಂತ ವಾಷಿಂಗ್ಟನ್ನಿನಲ್ಲಿ ಕಳೆದ ಕಾಲವೇ ಎಷ್ಟೋ ಪಾಲು ಹೆಚ್ಚು. ಇಂದಿರಾ ಸತ್ತಿದ್ದು 1983ರ ಆಗಸ್ಟ್‌ನಲ್ಲಿ, ಉಯೆನೊದಲ್ಲೇ. ಆಗ ಪ್ರಧಾನಿಯಾಗಿದ್ದವರು ಇಂದಿರಾ ಗಾಂಧಿ. ಮರುವರ್ಷ ಅವರ ಸರ್ಕಾರ ಉಯೆನೊಗೆ ಆಶಾ ಮತ್ತು ದಯಾ ಎಂಬ ಎರಡು ಆನೆಗಳನ್ನು ಕಳಿಸಿತು.

ಈಗ ದಾರಿಗಳು ಹೆಚ್ಚಾಗಿವೆ. ಜಪಾನ್ 2007ರಲ್ಲಿ ಏಷ್ಯಾದ ಯುವಜನರನ್ನು ಕರೆಸಿಕೊಳ್ಳುವ ಜೆನೆಸಿಸ್ ಎಂಬ ಕಾರ್ಯಕ್ರಮ ಆರಂಭಿಸಿತು. ವರ್ಷಕ್ಕೆ ಸುಮಾರು ಆರು ಸಾವಿರ ಮಂದಿಯ ಲೆಕ್ಕದಲ್ಲಿ ಐದು ವರ್ಷ ಎಂಬುದು ಮೊದಲ ಯೋಜನೆ. ಅದರಲ್ಲಿ ಭಾರತವೂ ಇತ್ತು. 2014ರಿಂದ ಸಕುರಾ ವಿಜ್ಞಾನ ಕಾರ್ಯಕ್ರಮ ಎಂಬುದಿದೆ. ಶಾಲಾ ಮಕ್ಕಳನ್ನು ಸುಮಾರು ಒಂದು ವಾರ ಜಪಾನಿಗೆ ಕರೆದೊಯ್ದು ಪ್ರಯೋಗಾಲಯ, ವಿಶ್ವವಿದ್ಯಾಲಯ ತೋರಿಸಿ ಕಳಿಸುತ್ತಾರೆ. ನಮ್ಮ ಓದುಗರಿಗೆ ಒಂದು ಉಪಯೋಗದ ಮಾತು: ಇನ್‌ಸ್ಪೈರ್ ಮಾನಕ್ ಎಂಬ ಕೇಂದ್ರ ಸರ್ಕಾರದ ಯೋಜನೆ ನಿಮ್ಮೂರಿನ ಸರ್ಕಾರಿ ಶಾಲೆಗೂ ಇದೆ. ಪ್ರತಿ ಶಾಲೆ ಮಕ್ಕಳ ಹೊಸ ಯೋಚನೆಗಳನ್ನು ಆನ್‌ಲೈನಿನಲ್ಲಿ ಕಳಿಸಬಹುದು. ಆಯ್ಕೆಯಾದರೆ ಮಾದರಿ ಮಾಡಲು ಮಗುವಿಗೆ 10,000 ರೂಪಾಯಿ. ಜಿಲ್ಲೆ, ರಾಜ್ಯ ದಾಟಿ ರಾಷ್ಟ್ರಮಟ್ಟದಲ್ಲಿ ಗೆದ್ದವರಲ್ಲಿ ಕೆಲವರು ಇದೇ ಸಕುರಾ ಮೂಲಕ ಜಪಾನಿಗೆ ಹೋಗಿಬಂದಿದ್ದಾರೆ. ಕಳೆ ಕೀಳುವ ಸಾಧನವೋ, ಹಂದಿ ಓಡಿಸುವ ಗಂಟೆಯೋ, ಹಳ್ಳಿ ಮಗುವಿನ ತಲೆಯಲ್ಲಿ ಇರುವುದೇ ಅಲ್ಲಿಗೆ ಬೇಕಾದದ್ದು. ಶಾಲೆಯವರು ಅರ್ಜಿಯನ್ನೇ ಹಾಕದೆ ದಿನ ಮುಗಿದುಹೋಗುವುದನ್ನು ನಾವು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇವೆ. ಕೇಳಿ. ಕೇಳುವುದಕ್ಕೆ ದುಡ್ಡಿಲ್ಲ.

ಆನೆಗಳೂ ಹೋಗುತ್ತಲೇ ಇವೆ. 2021ರಲ್ಲಿ ಮೈಸೂರು ಮೃಗಾಲಯದಿಂದ ಮೂರು ಆನೆ ಜಪಾನಿನ ತೊಯೊಹಾಶಿಗೆ ಹೋದವು. 2025ರ ಜುಲೈನಲ್ಲಿ ಬನ್ನೇರುಘಟ್ಟದಿಂದ ಸುರೇಶ, ಗೌರಿ, ಶ್ರುತಿ, ತುಳಸಿ ಎಂಬ ನಾಲ್ಕು ಆನೆಗಳು ವಿಮಾನ ಹತ್ತಿ ಹಿಮೆಜಿ ಸೇರಿದವು. ಈಗ ಇದು ಉಡುಗೊರೆ ಅಲ್ಲ, ಮೃಗಾಲಯ ಮೃಗಾಲಯಗಳ ನಡುವಿನ ಅದಲುಬದಲು. ಆ ಕಡೆಯಿಂದ ಚೀತಾ, ಜಾಗ್ವಾರ್, ಚಿಂಪಾಂಜಿಗಳು ಬರಬೇಕೆಂಬ ಒಪ್ಪಂದ. ಹಿಮೆಜಿಯ ಸಿಬ್ಬಂದಿ ಮೊದಲೇ ಬನ್ನೇರುಘಟ್ಟಕ್ಕೆ ಬಂದು ಆನೆಗಳ ಜೊತೆ ಕೆಲಸ ಕಲಿತು ಹೋಗಿದ್ದರು, ಇಲ್ಲಿನವರು ಜೊತೆಗೆ ಹೋಗಿ ಕೆಲವು ದಿನ ಅಲ್ಲಿದ್ದು ಬಂದರು. 1949ರಲ್ಲಿ ಮಾಡಿದ್ದನ್ನೇ ಮತ್ತೆ ಮಾಡಿದ ಹಾಗೆ. ಈ ಸಲ ಮಕ್ಕಳ ಕಾಗದ ಮಾತ್ರ ಇರಲಿಲ್ಲ.

ಆ ದಿನ ಕೋಟೆ ಕಡೆಯ ಶಾಲೆಯಲ್ಲಿ ಐದನೇ ಸಲ ಕಾಲ್ ಸಿಗಲೇ ಇಲ್ಲ. ಮಕ್ಕಳ ಮುಖ ಚಿಕ್ಕದಾಯಿತು. ಮೇಷ್ಟ್ರು ಸ್ವಲ್ಪ ಹೊತ್ತು ಯೋಚಿಸಿ, ಹಾಳೆ ಹಂಚಿ, 'ಬರೀರಿ, ಕಾಗದಾನೇ ಕಳಿಸೋಣ' ಅಂದರು. ಬಾಳೆ ತೋಟದ ಹುಡುಗ ಏನು ಬರೆದ ಎಂದು ಇಣುಕಿ ನೋಡಿದೆವು. ಮೊದಲು ಆನೆ ಬಿಡಿಸಿದ್ದ. ಪಕ್ಕದಲ್ಲಿ ಆನೆ ಕಂದಕ, ಸೋಲಾರ್ ಬೇಲಿ, ಮರದ ಮೇಲಿನ ಅಟ್ಟಣೆಯಲ್ಲಿ ಟಾರ್ಚ್ ಹಿಡಿದು ಕೂತ ಅಪ್ಪ. ಕೆಳಗೆ ಕನ್ನಡದಲ್ಲಿ ಎರಡು ಸಾಲು: ನಿಮ್ಮಲ್ಲಿ ಆನೆಗೆ ಬೇಲಿ ಹೇಗೆ ಹಾಕುತ್ತೀರಿ? ರಾತ್ರಿ ಅದು ಎಲ್ಲಿ ಮಲಗುತ್ತದೆ?

ಮೂವತ್ತೆರಡು ಕಾಗದಗಳ ಕಟ್ಟು ತೆಗೆದುಕೊಂಡು ಮೇಷ್ಟ್ರ ಜೊತೆ ನಾವೂ ಅಂಚೆ ಕಚೇರಿಗೆ ಹೋದೆವು. ಜಪಾನಿಗೆ ಎಷ್ಟಾಗುತ್ತದೆ ಎಂದು ಅಲ್ಲಿದ್ದವರು ಕಂಪ್ಯೂಟರಿನಲ್ಲಿ ಹುಡುಕಿ ಹೇಳಿದರು. ದುಡ್ಡನ್ನು ಅರ್ಧ ಮೇಷ್ಟ್ರು, ಅರ್ಧ ನಾವು ಹಾಕಿದೆವು. ಉತ್ತರ ಬಂದರೆ ಇಲ್ಲೇ ಹಾಕುತ್ತೇವೆ.